ಗಾಳಿ ಯಂತ್ರ

ಎಂಬತ್ತರ ದಶಕದಲ್ಲಿ ನಾನು ಚೌಡಾಪುರದ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಊರ ಹೊರಗಿನ ಬಾವಿಯಿಂದ ಗಾಳಿಯ ಬಲದಲ್ಲಿ ಕುಡಿಯುವ ನೀರೆತ್ತಲು ನಮ್ಮ ಸರ್ಕಾರವೂ ಒಂದು ಹೊರದೇಶದ ಸರ್ಕಾರವೂ ಕೂಡಿ ಎತ್ತರದ ಕಬ್ಬಿಣದ ಪಂಖ ನಿಲ್ಲಿಸಿದವು. ಆ ದೇಶದಿಂದ ಬಂದ ಇಂಜಿನಿಯರನ ಮಾತು ಊರವರಿಗೆ ತಿಳಿಸಲು, ಇಂಗ್ಲಿಷ್ ಬಲ್ಲವನೆಂದು ನನ್ನನ್ನು ಹಿಡಿದರು. ರಸ್ತೆಗೆ ಕಾಣುವಂತೆ ಬೋರ್ಡು ಬರೆಸಿದವನೂ ನಾನೇ. ‘ಗಾಳಿ ಯಂತ್ರ’. ಎಂಥ ಶಬ್ದ ಕೊಟ್ಟೆ ಎಂದು ಬೀಗಿದ್ದೆ.

ನಮ್ಮ ಕಡೆ ಗಾಳಿ ಅಂದರೆ ಮೈಗೆ ಬಡಿಯುವ ದೆವ್ವವೂ ಹೌದು. ಯಂತ್ರ ಅಂದರೆ ಅದನ್ನು ಬಿಡಿಸಲು ಕೊರಳಿಗೆ ಕಟ್ಟುವ ತಾಯಿತ. ಇದು ನನಗೇನು ಗೊತ್ತಿರಲಿಲ್ಲವೇ? ಸಣ್ಣವನಿದ್ದಾಗ ನನ್ನ ಕೊರಳಲ್ಲೂ ಒಂದು ಜೋತಾಡುತ್ತಿತ್ತು.

ಒಂದು ಮಧ್ಯಾಹ್ನ ಗುಲಬರ್ಗಾಕ್ಕೆ ಹೋಗುವ ಬಸ್ಸಿನಿಂದ ಒಬ್ಬ ಹೆಂಗಸು ಇಳಿದಳು. ಹೆಗಲ ಮೇಲೆ ಏಳೆಂಟು ವರ್ಷದ ಮಗಳು. ಸೆರಗು ಹೊದಿಸಿದ್ದಳು, ಮುಖ ನಾನು ನೋಡಲಿಲ್ಲ.

“ಘತ್ತರಗಿ ಕಡೀಂದ ಬಂದೀನ್ರಿ. ಜ್ವರ ಬಿಡವಲ್ದು ಅಂತ ದೊಡ್ಡ ದವಾಖಾನಿಗೆ ಹೊಂಟಿದ್ದೆ. ಕಂಡಕ್ಟರ್ ಬೋರ್ಡ್ ಓದಿದ, ಇಳ್ಕೊಂಡೆ. ಇದು ಗಾಳಿ ಬಿಡಸೋ ಯಂತ್ರ ಏನ್ರಿ ಸರ?”

ನನ್ನ ಬಾಯಿಗೆ ಮಣ್ಣು ಬೀಳಲಿ, ಚೇಷ್ಟೆ ನನ್ನ ಹುಟ್ಟುಗುಣ. “ಹೌದವ್ವಾ, ಬಾವಿಗೇ ಗಾಳಿ ಬಡದದ, ಬಿಡಸಾಕತ್ತದ ನೋಡು,” ಅಂದೆ. ನೀರಿಗೆ ಬಂದವರೆಲ್ಲ ನಕ್ಕರು. ಅವಳು ನಗಲಿಲ್ಲ. ಮಗಳನ್ನು ಪಂಖದ ಬುಡದಲ್ಲಿ ಮಲಗಿಸಿ ಪಕ್ಕದಲ್ಲಿ ಕೂತಳು.

ಸಂಜೆ ಇಂಜಿನಿಯರನ ಜೀಪು ಗುಲಬರ್ಗಾಕ್ಕೆ ಹೊರಟಿತು. ಆ ಹೆಂಗಸು ಯಾಕೆ ಕೂತಿದ್ದಾಳೆ ಎಂದು ಅವನು ಕೇಳಿದ. ಹೇಳಿದರೆ ನನ್ನ ಬೋರ್ಡಿನ ಫಜೀತಿಯನ್ನೂ ಹೇಳಬೇಕಲ್ಲ ಎಂದು ನಾಚಿಕೆಯಾಯಿತು. ನೆರಳಿಗೆ ಕೂತಿದ್ದಾಳೆ ಅಂದೆ. ಜೀಪಿನ ಹಿಂದಿನ ಸೀಟು ಖಾಲಿ ಇತ್ತು.

ಬೆಳಿಗ್ಗೆ ಹೋಗಿ ನೋಡಿದರೆ ಮಗು ತಣ್ಣಗಾಗಿತ್ತು. ಎಲೆ ಅಲುಗದಷ್ಟು ಗಾಳಿ ಬಿದ್ದಿತ್ತು. ನನಗೆ ಅಳು ಬರಲಿಲ್ಲ. ಏನೂ ಅನಿಸಲಿಲ್ಲ. ಇಷ್ಟು ವರ್ಷವಾದರೂ ಅನಿಸುವುದಿಲ್ಲ, ಅದೇ ನನಗೆ ಹೆದರಿಕೆ.

ಅವಳು ಕತ್ತೆತ್ತಿ ಪಂಖ ನೋಡಿದಳು.

“ಹೊತ್ತು ಮುಳಗಿದ ಮ್ಯಾಲ ಇದು ತಿರಗಲೇ ಇಲ್ರಿ ಸರ. ತಿರಗಿದ್ರ ನನ್ನ ಮಗಳು ಉಳೀತಿದ್ಳು, ಹೌದಲ್ರಿ?”

“ಹೌದವ್ವಾ,” ಅಂದೆ.