ಮೋತಿಗಾಗಿ ಬೀಸಿದ ಹಿಟ್ಟು

ಸವಣೂರಿನ ಎಲೆಪೇಟೆಯ ಹಿಂದೆ ಅನ್ನವ್ವನ ಖಾನಾವಳಿ ಇತ್ತು. ನವಾಬರ ಊರಿಗೆ ವೀಳ್ಯದೆಲೆ, ಅರಳೆ, ಭತ್ತ ಎಂದು ಬರುವ ನಮ್ಮಂಥ ವ್ಯಾಪಾರಸ್ಥರೆಲ್ಲ ಉಣ್ಣುತ್ತಿದ್ದುದು ಅಲ್ಲೇ. ಗಂಡ ತೀರಿದ ಮೇಲೆ ಒಬ್ಬಳೇ ಒಲೆ ಹೂಡಿದ ಹೆಂಗಸು. ಆಕೆಯ ರೊಟ್ಟಿ ತೆಳುವು, ಮಾತು ದಪ್ಪ. ನಮಗೆ ಎರಡನೇ ಸಲ ಪಲ್ಯ ನೀಡುವಾಗ ಸೌಟು ಅಲುಗಾಡಿಸಿ ಅರ್ಧ ಉದುರಿಸುತ್ತಿದ್ದವಳು, ಮೋತಿ ಎಂಬ ತನ್ನ ಕಂದು ನಾಯಿಗೆ ಮಾತ್ರ ಬೆಣ್ಣೆ ಸವರಿದ ರೊಟ್ಟಿಯನ್ನೇ ಹಾಕುತ್ತಿದ್ದಳು. ಗಿರಾಕಿಗಳಾಗಿ ಹುಟ್ಟಿದ್ದು ನಮ್ಮ ತಪ್ಪು.

ಮೋತಿ ಹಗಲೆಲ್ಲ ಶೂರ. ಸಿಪಾಯಿಗಳ ಕುದುರೆಗೂ ಬೊಗಳುತ್ತಿತ್ತು. ಗುಡುಗಿದರೆ ಮಾತ್ರ ಮೈಯೆಲ್ಲ ನಡುಕ. ಮರಿಯಿದ್ದಾಗಿನಿಂದ ಬೀಸುಕಲ್ಲಿನ ಪಕ್ಕದ ಗೋಣಿಚೀಲದ ಮೇಲೆ ಬೆಳೆದ ಪ್ರಾಣಿ. ಆ ಗರಗರ ಸದ್ದೇ ಅದಕ್ಕೆ ಜೋಗುಳ. ಆದ್ದರಿಂದ ಯುಗಾದಿ ಕಳೆದು ಅಡ್ಡಮಳೆ ಶುರುವಾದರೆ ಅನ್ನವ್ವನ ಕಾನೂನು ಜಾರಿಗೆ ಬರುತ್ತಿತ್ತು. ಬಾಗಿಲು ಹಾಕಬೇಕು. ನಾಯಿಯನ್ನು ಗದರಬಾರದು, ಕಟ್ಟಬಾರದು, ‘ಅಯ್ಯೋ ಪಾಪ’ ಎಂದು ತಬ್ಬಲೂಬಾರದು. ಗುಡುಗು ನಿಲ್ಲುವವರೆಗೆ ಜೋಳ ಬೀಸುತ್ತಿರಬೇಕು. ಆಕೆಗೆ ಒಲೆ ಬಿಟ್ಟು ಏಳಲಾಗದು; ಬೀಸುವವರು ನಾವು, ಸರದಿಯ ಮೇಲೆ.

ಗಂಡಸರು ಬೀಸುವುದನ್ನು ಯಾರಾದರೂ ಕಂಡರೆ ಪೇಟೆಯಲ್ಲಿ ತಲೆ ಎತ್ತುವಂತಿರಲಿಲ್ಲ. ಆದರೆ ಬಾಗಿಲು ಹಾಕಿರುತ್ತಿತ್ತಲ್ಲ! ಹಾನಗಲ್ಲಿನ ಭತ್ತದ ವ್ಯಾಪಾರಿ ಚನ್ನವೀರಪ್ಪನಂತೂ ಬೀಸುವ ಪದವನ್ನೂ ಮೆಲ್ಲಗೆ ಗುನುಗುತ್ತಿದ್ದ. ಗುಡುಗು ಹೆಚ್ಚಾದ ವರ್ಷ ಅನ್ನವ್ವನ ಹಿಟ್ಟಿನ ಗಡಿಗೆ ತುಂಬಿಯೇ ಇರುತ್ತಿದ್ದುದನ್ನು ನಾನು ನೋಡಿದ್ದೆ. ಜಾಣ ವ್ಯಾಪಾರವನ್ನು ಕೆಡಿಸುವುದು ನಮ್ಮ ಧರ್ಮವಲ್ಲವೆಂದು ಸುಮ್ಮನಿದ್ದೆ.

ಸುಮ್ಮನಿರಲಾರದೆ ಹೋದವನು ಹಿರೇಕೆರೂರಿನ ಅರಳೆ ದಲಾಲ ಶಂಕ್ರಪ್ಪ. ಯುರೋಪಿನಲ್ಲಿ ಯುದ್ಧ ಹತ್ತಿದ ಮರುವರ್ಷ, ಒಂದು ಸಂಜೆ ಜರಿ ರುಮಾಲು ಸುತ್ತಿ ಊಟಕ್ಕೆ ಬಂದಿದ್ದ. ಗುಡುಗು ಶುರುವಾಯಿತು. ಚನ್ನವೀರಪ್ಪನ ಸರದಿ ಮುಗಿಯುತ್ತ ಬಂದಿತ್ತು.

“ಶಂಕ್ರಪ್ಪಣ್ಣಾ, ಏಳ್ರಿ, ಇನ್ನ ನಿಮ್ಮ ಪಾಳಿ,” ಎಂದಳು ಅನ್ನವ್ವ.

“ನಾ ಅರಳಿ ತೂಗಾಂವ ಯಕ್ಕಾ, ಜ್ವಾಳ ಬೀಸಾಂವ ಅಲ್ಲ. ನಾಯಿ ನೆವಾ ಹೇಳಿ ಎಲ್ಲಾರ ಕಡೆ ಹಿಟ್ಟ ಮಾಡಿಸ್ಕೊಳ್ಳಾಕತ್ತೀ. ಅದಕ್ಕ ಯಾವ ಅಂಜಿಕಿನೂ ಇಲ್ಲ. ತೋರಸ್ತೇನಿ ತಡಿ!”

ಎಂದವನೇ ಬಾಗಿಲು ತೆಗೆದು, ಚನ್ನವೀರಪ್ಪನ ಕೈ ಹಿಡಿದು ಕಲ್ಲು ನಿಲ್ಲಿಸಿದ. ಅದೇ ಗಳಿಗೆಗೆ ಸಿಡಿಲು ಹೊಡೆಯಿತು. ಮೋತಿ ಶಂಕ್ರಪ್ಪನ ಊಟದ ಗಂಗಾಳವನ್ನು ಉರುಳಿಸಿ ಹೊರಗೆ ಹಾರಿತು.

ಅನ್ನವ್ವ ಸೆರಗನ್ನೂ ಹೊದೆಯದೆ ಮಳೆಯಲ್ಲಿ ಓಡಿದಳು. ತೊಯ್ದು ತಪ್ಪಡಿಯಾಗಿ ಬರಿಗೈಯಲ್ಲಿ ಬಂದಳು.

“ಎಲಿ ತ್ವಾಟದಾಗ ಹೊಕ್ಕೈತ್ರಿ. ಕೂಗಿದ್ರ ಇನ್ನೂ ದೂರ ಓಡತೈತಿ. ಇನ್ನೊಂದ ಸಿಡ್ಲ ಬಡದ್ರ ಎದಿ ಒಡದ ಸಾಯತೈತಿ ಅದು.” ಆಕೆಯ ದಪ್ಪ ದನಿ ಅಂದು ಮೊದಲ ಸಲ ತೆಳುವಾಗಿತ್ತು. ಕಣ್ಣೊರೆಸಿಕೊಂಡು, “ಬೀಸೂ ಕಲ್ಲ ಹೊರಗ ಕಟ್ಟಿ ಮ್ಯಾಲ ತಂದಿಡ್ರಿ,” ಎಂದಳು.

ತಂದೆವು. ಬೀಸುವವರು ಯಾರು? ಎದುರಿನ ಮಸೀದಿಯ ಕಮಾನಿನಡಿ ಅರ್ಧ ಪೇಟೆ ಮಳೆಗೆ ನಿಂತಿತ್ತು. ನಾವೆಲ್ಲ ಕಟ್ಟೆಯ ಮಾಡಿನ ತೊಲೆ ಎಣಿಸುವವರಂತೆ ಮೇಲೆ ನೋಡಿದೆವು. ಅನ್ನವ್ವ ಶಂಕ್ರಪ್ಪನನ್ನು ಮಾತ್ರ ನೋಡಿದಳು. ಅವನು ಕೋಟು ಕಳಚಿ ಕಲ್ಲಿನ ಮುಂದೆ ಕುಳಿತ.

“ಯಾವ ಮನಿ ಸೊಸಿ ಆದ್ರಿ ಸಾವಕಾರ್ರ?” ಕಮಾನಿನಡಿಯಿಂದ ಖಾರ ಮಾರುವ ಇಮಾಮಬಿ ಕೂಗಿದಳು. ಪೇಟೆ ನಕ್ಕಿತು.

“ಅಷ್ಟ ದೂರ ಕೇಳ್ತೈತೇನ ಯಕ್ಕಾ ಇದು?” ಶಂಕ್ರಪ್ಪ ತಲೆ ಎತ್ತದೆ ಕೇಳಿದ.

“ನಾ ನಾಕ ಸಲ ಸಾರ ಹಾಕಿದ್ದ ನಿಮಗ ನೆಪ್ಪಿರಂಗಿಲ್ಲ. ಅದಕ್ಕ ಕಲ್ಲಿನ ಸಪ್ಪಳ ನೆಪ್ಪಿರತೈತಿ. ಬೀಸ್ರಿ!”

ಜರಿ ರುಮಾಲಿನಿಂದ ಬೆವರು ಸೋರುವಷ್ಟು ಹೊತ್ತು ಬೀಸಿದ. ಕಡೆಗೆ ನಿಂತಿದ್ದ ಬಂಡಿಗಳ ಅಡಿಯಿಂದ ಕೆಸರಿನ ಮುದ್ದೆಯೊಂದು ತೆವಳುತ್ತ ಬಂತು. ಕಟ್ಟೆ ಹತ್ತಿ, ಶಂಕ್ರಪ್ಪನ ಮಡಿ ಧೋತರದ ಮೇಲೆಯೇ ಮೂತಿ ಇಟ್ಟು ಮಲಗಿತು. ಅನ್ನವ್ವ ಸೆರಗಿನ ತುದಿಯಿಂದ ಅದರ ಮೈಯ ಕೆಸರು ಒರೆಸಿದಳು.

ಶಂಕ್ರಪ್ಪ ಉಸ್ಸೆಂದು ಕೈ ಬಿಟ್ಟ. ದೂರದಲ್ಲಿ ಗುಡುಗಿತು, ಮೋತಿಯ ಕಿವಿ ನಿಮಿರಿತು. ಯಾರೂ ಹೇಳದೆಯೇ ಅವನು ಮತ್ತೆ ಬೀಸುಕಲ್ಲಿನ ಗೂಟ ಹಿಡಿದ.

ಅನ್ನವ್ವ ಎರಡು ಬೆರಳಲ್ಲಿ ಹಿಟ್ಟನ್ನು ತಿಕ್ಕಿ ನೋಡಿದಳು. ಆಕೆಯ ದನಿ ಮತ್ತೆ ಮೊದಲಿನಂತಾಗಿತ್ತು.

“ದಪ್ಪ ಬೀಸೀರಿ. ನಾಳಿಗೆ ನಿಮಗ ಇದರದ ರೊಟ್ಟಿ.”