ಕ್ಲಚ್ಚಕ್ಕನ ಹನ್ನೊಂದು ಬೋಲ್ಟು

ಕ್ಲಚ್ಚಕ್ಕ ಹೋಗಿ ಐದು ತಿಂಗಳಾಯಿತು. ಹೋದವರ ಬಗ್ಗೆ ಬರೆಯಲು ಕೂತರೆ ಅವರ ಮೊನಚನ್ನೆಲ್ಲ ಉಜ್ಜಿ ನುಣ್ಣಗೆ ಮಾಡಿಬಿಡುವ ಆಸೆಯಾಗುತ್ತದೆ. ಅವಳ ವಿಷಯದಲ್ಲಿ ಅದು ಸಲ್ಲದು. ಅವಳು ಮುಂಗೋಪಿ, ಬಾಯಿ ಜೋರು, ಹಟಕ್ಕೆ ಬಿದ್ದರೆ ಊಟ ನಿದ್ದೆ ಮರೆಯುವವಳು. ಆ ಹಟ ಎಂಥದ್ದೆಂದು ಹೇಳಲು ಒಂದು ಶುಕ್ರವಾರದಿಂದ ಸೋಮವಾರದವರೆಗಿನ ಕಥೆ ಸಾಕು.

ಅವಳು ಹೆಂಗಸರಿಗೆ ಕಾರು ಓಡಿಸಲು ಕಲಿಸುತ್ತಿದ್ದಳು. ಇದ್ದದ್ದು ಒಂದೇ ಒಂದು ಹಳೆಯ ಸಣ್ಣ ಕಾರು. ಕಲಿಸುವವಳ ಕಾಲಿಗೂ ಬೇರೆ ಪೆಡಲುಗಳಿದ್ದ ಕಾರು. “ಕ್ಲಚ್ಚು! ಮೊದಲು ಕ್ಲಚ್ಚು, ಆಮೇಲೆ ಗೇರು!” ಎಂಬ ಅವಳ ಕೂಗು ಮೂರು ಬೀದಿ ಆಚೆಗೂ ಕೇಳುತ್ತಿತ್ತು. ಹೆಸರು ಹಾಗೆ ಬಂತು. ಮೊದಮೊದಲು ಸಿಟ್ಟಾದಳು, ಆಮೇಲೆ ತಾನೇ ಕಾರಿನ ಹಿಂದಿನ ಗಾಜಿನ ಮೇಲೆ ಆ ಹೆಸರು ಬರೆಸಿದಳು. ಗಂಡ ಟೈಲರ್. ಮನೆಯ ಮುಂದಿನ ಕೋಣೆ ಅವನ ಅಂಗಡಿ, ಹಿಂದಿನ ಸಿಮೆಂಟು ನೆಲದ ಶೆಡ್ಡು ಅವಳ ಕಾರಿನ ಜಾಗ. ಅವನು ದಿನಕ್ಕೆ ನಾಲ್ಕು ಮಾತಾಡುವವನು. ಉಳಿದದ್ದನ್ನೆಲ್ಲ ಅವಳು ಆಡುತ್ತಿದ್ದಳು.

ಆ ಶುಕ್ರವಾರ ಬೆಳಿಗ್ಗೆ ಸ್ಟಿಯರಿಂಗ್ ಹಿಡಿದಿದ್ದವಳು ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯವಳು. ಏರಿನಲ್ಲಿ ಎರಡನೇ ಗೇರಿನಿಂದ ಮೂರಕ್ಕೆ ಹೋಗುವಾಗ ಡಬ್ಬಿಯಲ್ಲಿ ಕಲ್ಲು ಹಾಕಿ ಕುಲುಕಿದಂಥ ಸದ್ದಾಯಿತು. ಕಾರು ನಿಂತೇ ಹೋಯಿತು. ಆಮೇಲೆ ಯಾವ ಗೇರೂ ಬೀಳಲಿಲ್ಲ.

“ನಾನೇ ಮುರಿದೆ ಅಕ್ಕಾ,” ಎಂದು ಲಾಂಡ್ರಿಯವಳು ಅಳುವ ಹಾಗಾದಳು.

“ನೀನೊಬ್ಬಳೇ ಮುರಿಯೋಕೆ ಅದೇನು ಹಪ್ಪಳಾನಾ? ಹದಿನಾಲ್ಕು ವರ್ಷದಿಂದ ಊರ ಹೆಂಗಸರೆಲ್ಲ ಸೇರಿ ಮುರಿದಿದೀರಿ. ನಿನ್ನ ಸರದಿ ಕೊನೇದು, ಅಷ್ಟೆ.”

ನಗಿಸಲೆಂದು ಆಡಿದ ಮಾತು. ಆದರೆ ಇಬ್ಬರಿಗೂ ನಗು ಬರಲಿಲ್ಲ. ಸೋಮವಾರ ಹತ್ತು ಗಂಟೆಗೆ ಲಾಂಡ್ರಿಯವಳ ಲೈಸೆನ್ಸ್ ಪರೀಕ್ಷೆ. ಎರಡು ಸಲ ಏರಿನಲ್ಲಿ ಕಾರು ಹಿಂದಕ್ಕೆ ಜಾರಿ ನಪಾಸಾಗಿದ್ದಳು, ಇದು ಮೂರನೆಯದು. ನೆಲಮಾಳಿಗೆಯ ಹಬೆಯಲ್ಲಿ ಹದಿನಾರು ವರ್ಷ ದುಡಿದು ಅವಳ ಎದೆಯಲ್ಲಿ ಸದಾ ಒಂದು ಸಿಳ್ಳೆ. ಹಬೆ ಬಿಡಲೇಬೇಕು ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅದೇ ಆಸ್ಪತ್ರೆಯಲ್ಲಿ ಬಟ್ಟೆ ಸಾಗಿಸುವ ವ್ಯಾನಿನ ಡ್ರೈವರ್ ಕೆಲಸ ಖಾಲಿಯಿತ್ತು. ಸೋಮವಾರ ಸಂಜೆಯೊಳಗೆ ಲೈಸೆನ್ಸು ತೋರಿಸಿದರೆ ಅವಳಿಗೆ, ಇಲ್ಲದಿದ್ದರೆ ಬೇರೆಯವರಿಗೆ.

ಗ್ಯಾರೇಜಿನವನು ಎರಡು ವಾರ ಅಂದ. ಊರಿನ ಇನ್ನೊಂದು ಡ್ರೈವಿಂಗ್ ಶಾಲೆಯವರು ತಮ್ಮ ಕಾರು ತಮ್ಮವರಿಗಷ್ಟೇ ಅಂದರು. ಕ್ಲಚ್ಚಕ್ಕ ಮನೆಗೆ ಬಂದು, ಮೆಷಿನ್ನಿನ ಮುಂದೆ ಬಗ್ಗಿದ್ದ ಗಂಡನಿಗೆ ಹೇಳಿದಳು: “ಗುಜರಿ ಅಂಗಡೀಲಿ ನಮ್ಮ ಕಾರಿನದೇ ಗೇರ್‌ಬಾಕ್ಸ್ ಒಂದಿದೆ, ಚೆನ್ನಾಗಿದೆ. ನಾವೇ ಇಳಿಸಿ ನಾವೇ ಕೂರಿಸೋಣ.”

“ನಾವು ಅಂದ್ರೆ ಯಾರು? ನನ್ನ ಸೇರಿಸ್ಕೋಬೇಡ.”

“ನೀವು ಕುರ್ಚೀಲಿ ಕೂತ್ಕೊಂಡು ಕೇಳ್ತಾ ಇರಿ. ಎಂದಿನ ಹಾಗೆ.”

ಕೇಳುವುದು ಅವರ ಮನೆಯ ಪದ್ಧತಿ. ಅವಳು ಬೆಳೆದದ್ದು ಮೆಕ್ಯಾನಿಕ್ ಅಣ್ಣನ ಶೆಡ್ಡಿನಲ್ಲಿ. ಒಂದು ಮಧ್ಯಾಹ್ನ ಅಣ್ಣ ಬರೀ ಜಾಕನ್ನು ನಂಬಿ ಕಾರಿನ ಕೆಳಗೆ ಹೋದ. ಜಾಕು ಜಾರಿತು. ಎಡಗೈಯ ಮೂರು ಬೆರಳು ಅಲ್ಲೇ ಹೋದವು. ಅದಕ್ಕಿಂತ ಕೆಟ್ಟದ್ದೆಂದರೆ ಅವನು ಕೂಗಿದ್ದು ಅರ್ಧ ಗಂಟೆ ಯಾರಿಗೂ ಕೇಳಿಸಲಿಲ್ಲ. “ಜಾಕು ಎತ್ತೋದಕ್ಕೆ ಇರೋದು ಕಣೇ, ಹೊರೋದಕ್ಕಲ್ಲ,” ಎಂದು ಅವನು ಉಳಿದ ಏಳು ಬೆರಳಲ್ಲೇ ತಂಗಿಗೆ ಎಲ್ಲ ಕಲಿಸಿದ. ಅಂದಿನಿಂದ ಅವಳು ಒಬ್ಬಳೇ ಇದ್ದಾಗ ಕಾರಿನ ಕೆಳಗೆ ಹೋದವಳಲ್ಲ. ಬಾಗಿಲಲ್ಲಿ ಟೈಲರ್ ಗುಂಡಿ ಹೊಲಿಯುತ್ತಾ ಕೂತಿರಬೇಕು. ಒಂದೊಂದು ಗುಂಡಿ ಮುಗಿದಾಗಲೂ “ಇದೀಯಾ?” ಅನ್ನಬೇಕು. ಅವಳು “ಇದೀನಿ” ಅನ್ನಬೇಕು.

ಶನಿವಾರ ಬೆಳಕು ಹರಿಯುತ್ತಲೇ ಶುರುವಾಯಿತು. ಚಕ್ರಗಳಿಗೆ ಮರದ ತುಂಡು ಒತ್ತಿದಳು, ಬ್ಯಾಟರಿಯ ತಂತಿ ಬಿಚ್ಚಿದಳು. ಜಾಕಿನಿಂದ ಒಂದೊಂದೇ ಮೂಲೆ ಎತ್ತಿ ನಾಲ್ಕು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕಾರನ್ನು ನಿಲ್ಲಿಸಿದಳು. ಬಿಚ್ಚಿದ ಮುಂದಿನ ಚಕ್ರಗಳನ್ನೂ ಹೊರಗೆ ಇಡಲಿಲ್ಲ. ಸ್ಟ್ಯಾಂಡು ಜಾರಿದರೂ ಕಾರು ಅವುಗಳ ಮೇಲೆ ನಿಲ್ಲಲೆಂದು ಕಾರಿನ ಅಂಚಿನಡಿ ಮಲಗಿಸಿದಳು. ಆಮೇಲೆ ಸೊಂಟ ಕೊಟ್ಟು ಕಾರನ್ನು ಆಚೆ ಈಚೆ ಜೋರಾಗಿ ನೂಕಿದಳು.

“ಬೀಳಿಸ್ತೀಯೇನೇ?” ಎಂದ ಟೈಲರ್.

“ಬೀಳೋದಿದ್ರೆ ಈಗ ಬೀಳಲಿ. ನಾನು ಒಳಗಿರುವಾಗ ಬೇಡ.”

ಬೀಳಲಿಲ್ಲ. ಗೇರಿನ ಆಯಿಲ್ ಬಸಿದು, ಚಕ್ರಕ್ಕೆ ಹೋಗುವ ಎಕ್ಸೆಲ್ಲುಗಳನ್ನು ಎಳೆದು, ಎಂಜಿನ್ನಿಗೆ ಮರದ ಹಲಗೆಯ ಮೇಲೆ ಆಸರೆ ಕೊಟ್ಟು ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಗೇರ್‌ಬಾಕ್ಸನ್ನು ಎಂಜಿನ್ನಿಗೆ ಹಿಡಿದಿದ್ದದ್ದು ಹನ್ನೊಂದು ಬೋಲ್ಟು. ಎಲ್ಲವೂ ಒಂದೇ ದಪ್ಪ, ಉದ್ದ ಮಾತ್ರ ಬೇರೆ ಬೇರೆ. ಅವಳು ಒಂದು ರಟ್ಟಿನ ಮೇಲೆ ಗೇರ್‌ಬಾಕ್ಸಿನ ಆಕಾರ ಬರೆದು, ತೂತು ಇದ್ದಲ್ಲೇ ತೂತು ಮಾಡಿ, ಬಿಚ್ಚಿದ ಬೋಲ್ಟನ್ನೆಲ್ಲ ಅದರದರ ಜಾಗಕ್ಕೆ ಸಿಕ್ಕಿಸುತ್ತಾ ಹೋದಳು.

ಕೊನೆಯ ಎರಡು ಬೋಲ್ಟು ಬಿಚ್ಚುವ ಹೊತ್ತಿಗೆ ಲಾಂಡ್ರಿಯವಳು ಕೆಲಸ ಮುಗಿಸಿ ಬಂದಳು. ಟೈಲರ್ ಚೀಲದ ಪಟ್ಟಿಗೆ ಎರಡೆರಡು ಹೊಲಿಗೆ ಹಾಕಿ ತೊಟ್ಟಿಲಿನಂಥ ಒಂದು ಜೋಲಿ ಮಾಡಿಕೊಟ್ಟಿದ್ದ. ಗೇರ್‌ಬಾಕ್ಸು ಅದರಲ್ಲಿ ಬಿಗಿಯಾಗಿ ಜಾಕಿನ ಮೇಲೆ ಕೂತಿತು.

“ಅಡಿಯಲ್ಲಿ ಯಾರ ಕೈಕಾಲೂ ಇರಬಾರದು,” ಎಂದಳು ಕ್ಲಚ್ಚಕ್ಕ. “ಜಾರಿದ್ರೆ ಹಿಡಿಯೋಕೆ ಹೋಗಬೇಡ. ಬೀಳಲಿ ಬಿಡು. ಗುಜರೀಲಿ ಗೇರ್‌ಬಾಕ್ಸ್ ಸಿಗುತ್ತೆ. ಬೆರಳು ಸಿಗಲ್ಲ, ನಮ್ಮಣ್ಣ ವಿಚಾರಿಸಿ ಆಗಿದೆ.”

ಇಂಚಿಂಚೇ ಇಳಿಯಿತು. ನೆಲ ಮುಟ್ಟಿದ ಮೇಲೆ ಲಾಂಡ್ರಿಯವಳು ಅದರ ಒಂದು ತುದಿ ಎತ್ತಿ ನೋಡಿ, “ಇಷ್ಟೇನಾ? ಒದ್ದೆ ಬೆಡ್‌ಶೀಟಿನ ಮೂಟೆ ಇದಕ್ಕಿಂತ ಭಾರ,” ಎಂದಳು.

ಭಾನುವಾರ ಬೆಳಿಗ್ಗೆ ಕ್ಲಚ್ಚಕ್ಕ ಗುಜರಿಯವನಿಂದ ಆ ಗೇರ್‌ಬಾಕ್ಸನ್ನೂ ಒಂದು ಹೊಸ ಕ್ಲಚ್ ಪ್ಲೇಟನ್ನೂ ತರಲು ಹೋದಳು. ಅತ್ತ ಹೆಂಡತಿ ಇಲ್ಲ. ಇತ್ತ ಟೈಲರ್ ಕಣ್ಣಿಗೆ ಶೆಡ್ಡಿನ ಕೊಳಕು ಬಿತ್ತು. ಚೆಲ್ಲಾಪಿಲ್ಲಿಯಾದ ವಸ್ತು ಕಂಡರೆ ಅವನ ಕೈ ಸುಮ್ಮನಿರುವುದಿಲ್ಲ. ಮೂವತ್ತು ವರ್ಷ ಗುಂಡಿಗಳನ್ನು ಅಳತೆವಾರು ಜೋಡಿಸಿದ ಕೈ ಅದು. ಅವಳು ಸೈಕಲ್ ಗಾಡಿಯಲ್ಲಿ ಸಾಮಾನು ಹೇರಿಸಿಕೊಂಡು ಬಂದಾಗ ಶೆಡ್ಡು ಥಳಥಳ ಅನ್ನುತ್ತಿತ್ತು. ಬೋಲ್ಟುಗಳೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿಕೊಂಡು, ಉದ್ದದ್ದು ಇತ್ತ, ಗಿಡ್ಡದ್ದು ಅತ್ತ, ಗುಂಡಿ ಡಬ್ಬಿಯ ಮನೆಗಳಲ್ಲಿ ಮಲಗಿದ್ದವು.

“ಎಣಿಸಿದೀನಿ. ಹನ್ನೊಂದೂ ಇವೆ,” ಎಂದ ಟೈಲರ್. ಹೊಗಳಿಕೆಗೆ ಕಾಯುತ್ತಿದ್ದ.

“ರಟ್ಟು ಎಲ್ಲಿ?”

“ಯಾವ ರಟ್ಟು? ಓ, ಆ ತೂತು ರಟ್ಟಾ? ಆಯಿಲ್ ತೊಟ್ಟಿಕ್ತಾ ಇತ್ತು, ಅಡಿಗೆ ಹಾಸಿದೆ.”

ರಟ್ಟು ಆಯಿಲ್ ಕುಡಿದು ಹರಿದು ಕಪ್ಪು ಅಂಬಲಿಯಾಗಿತ್ತು. ಕ್ಲಚ್ಚಕ್ಕ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತಳು. ಒಂದು ಮಾತೂ ಆಡಲಿಲ್ಲ. ಮದುವೆಯಾದ ಮೇಲೆ ಅವಳ ಮೌನವನ್ನು ಟೈಲರ್ ಕೇಳಿದ್ದು ಅದೇ ಮೊದಲು. ಬೈಗುಳವೇ ವಾಸಿ ಅನ್ನಿಸಿತು.

ಲಾಂಡ್ರಿಯವಳು ಬಂದು, ವಿಷಯ ಕೇಳಿ, ಮೆಲ್ಲಗೆ ಅಂದಳು: “ಅಂದಾಜಲ್ಲಿ ಹಾಕಿದ್ರೆ ಆಗಲ್ವಾ ಅಕ್ಕಾ?”

“ಆಗಲ್ಲ. ಉದ್ದದ್ದು ಗಿಡ್ಡ ತೂತಿಗೆ ಹೋದ್ರೆ ತಳ ಕುಟ್ಟಿ ಎಂಜಿನ್ ಸೀಳುತ್ತೆ. ಗಿಡ್ಡದ್ದು ಉದ್ದ ತೂತಿಗೆ ಹೋದ್ರೆ ಎರಡು ಸುತ್ತು ಹಿಡಿದು, ರಸ್ತೇಲಿ ಬಿಡುತ್ತೆ. ನಿನ್ನನ್ನ ಕೂರಿಸ್ಕೊಂಡು.”

“ಆದ್ರೆ ನಾಳೆ ಹತ್ತು ಗಂಟೆಗೆ...”

“ಗಡಿಯಾರ ನನಗೂ ಕಾಣುತ್ತೆ ಕಣೇ. ಪರೀಕ್ಷೆ ತಪ್ಪಿದ್ರೆ ನಿನ್ನ ಕಾಲು ಹಿಡ್ಕೋತೀನಿ. ಅಂದಾಜು ಮಾತ್ರ ಮಾಡಲ್ಲ.”

ಆಗ ಬಾಗಿಲ ಕಡೆಯಿಂದ ಟೈಲರ್ ಕೆಮ್ಮಿದ. “ಅಳತೆ ತಗೊಂಡ್ರೆ ಆಯ್ತಲ್ಲ? ಗಿರಾಕಿ ಊರಲ್ಲಿಲ್ಲ ಅಂದ್ರೆ ಕಷ್ಟ. ಗಿರಾಕಿ ಇಲ್ಲೇ ಬಿದ್ಕೊಂಡಿದೆ.”

ಅವನು ಒಳಗಿಂದ ಸ್ವೆಟರ್ ಹೆಣೆಯುವ ಕಡ್ಡಿ, ಟೇಪು, ಸೀಮೆಸುಣ್ಣ ತಂದ. ತಂದಿಟ್ಟ ಗೇರ್‌ಬಾಕ್ಸಿನ ಒಂದೊಂದು ತೂತಿಗೂ ಕಡ್ಡಿ ತೂರಿಸಿ, ಉಗುರು ಒತ್ತಿ ಹಿಡಿದು, ಟೇಪಿಗೆ ತಾಗಿಸಿ, ಪಕ್ಕದಲ್ಲೇ ಬರೆದ. ಅದು ಸುಲಭ. ಆದರೆ ಅರ್ಧ ಅಳತೆ ಎಂಜಿನ್ನಿನಲ್ಲಿತ್ತು, ಕಾರಿನ ಕೆಳಗೆ. ಕ್ಲಚ್ಚಕ್ಕ ಹೋಗಿ ಒಂದೇ ತೂತನ್ನು ಮೂರು ಸಲ ಅಳೆದಳು. ಮೂರು ಬೇರೆ ಬೇರೆ ಲೆಕ್ಕ ಬಂತು.

“ನಿಂದು ಅಳತೆ ಅಲ್ಲ, ಕಣಿ ಹೇಳೋದು,” ಎಂದ ಟೈಲರ್. “ಹೊರಗೆ ಬಾ.”

ಮಂಚದ ಕೆಳಗೆ ದಾರದ ಬಾಬಿನ್ ಉರುಳಿದರೂ ಕೋಲಿನಿಂದ ಎಳೆದುಕೊಳ್ಳುವ ಮನುಷ್ಯ ಅಂಗಿ ಕಳಚಿಟ್ಟು ನೆಲಕ್ಕೆ ಕೂತ. ಕ್ಲಚ್ಚಕ್ಕ ಒಂದೊಂದೇ ಸ್ಟ್ಯಾಂಡು ಮುಟ್ಟಿ ನೋಡಿ, ಕಾರನ್ನು ಸೊಂಟದಿಂದ ನೂಕಿದಳು.

“ಇನ್ನೊಂದ್ಸಲ,” ಎಂದ.

ನೂಕಿದಳು.

“ಇನ್ನೊಂದ್ಸಲ.”

ಮೂರನೆಯ ಸಲ ನೂಕಿ, ಅವನ ಕುರ್ಚಿಯಲ್ಲಿ ತಾನು ಕೂತಳು. “ಇದೀರಾ?”

“ಎಲ್ಲಿ ಹೋಗಲಿ? ಇನ್ನೂ ತಲೆ ಹೊರಗಿದೆ.”

ಅವನು ಒಳಗಿಂದ ಅಳತೆ ಕೂಗಿದಂತೆ ಲಾಂಡ್ರಿಯವಳು ಬರೆದುಕೊಂಡಳು. ಆರು ತೂತಾಯಿತು. ಏಳಾಯಿತು. “ಇದೀರಾ?” ಎಂದಳು ಕ್ಲಚ್ಚಕ್ಕ. ಉತ್ತರವಿಲ್ಲ. ಕಾರಿನಡಿ ಎರಡು ಪಾದಗಳು ಅಲುಗಾಡದೆ ಚಾಚಿದ್ದವು. “ರೀ!” ಎಂದು ಎದ್ದ ರಭಸಕ್ಕೆ ಕುರ್ಚಿ ಉರುಳಿತು.

“ಹ್ಞೂಂ, ಹ್ಞೂಂ... ಬಾಯಲ್ಲಿ ಸೀಮೆಸುಣ್ಣ ಇತ್ತು ಕಣೇ.”

ಅವಳು ಕುರ್ಚಿ ಎತ್ತಿ ಕಾರಿಗೆ ಇನ್ನಷ್ಟು ಹತ್ತಿರ ಹಾಕಿಕೊಂಡಳು. ಇಷ್ಟು ವರ್ಷ ಉತ್ತರ ಕೊಡುವವಳಾಗಿದ್ದಳೇ ಹೊರತು ಕೇಳುವವಳಾಗಿರಲಿಲ್ಲ. “ಸೀಮೆಸುಣ್ಣ ನುಂಗಿದ್ರೂ ಪರವಾಗಿಲ್ಲ, ಉತ್ತರ ಕೊಡಿ,” ಎಂದಷ್ಟೇ ಅಂದಳು.

ಎರಡು ಅಳತೆ ಕೂಡಿಸಿದ ಮೇಲೆ ಬೋಲ್ಟುಗಳು ಒಂದೊಂದಾಗಿ ತಮ್ಮ ಮನೆ ಗುರುತಿಸಿಕೊಂಡವು. ಆ ಹೊತ್ತಿಗೆ ಮೂರು ಗಂಟೆ. ಹೊಸ ಕ್ಲಚ್ ಪ್ಲೇಟನ್ನು ಸರಿಯಾಗಿ ನಡುವೆ ನಿಲ್ಲಿಸಿ ಬಿಗಿದರು. ಜೋಲಿಯಲ್ಲಿ ಗೇರ್‌ಬಾಕ್ಸು ಮೇಲೇರಿ ಎಂಜಿನ್ನಿನ ಹತ್ತಿರ ಹೋಗಿ, ಒಂದು ಬೆರಳು ಸಂದು ಬಿಟ್ಟು ನಿಂತುಬಿಟ್ಟಿತು.

“ಬೋಲ್ಟು ಹಾಕಿ ತಿರುವಿದ್ರೆ ಎಳ್ಕೊಳ್ಳಲ್ವಾ?” ಎಂದ ಟೈಲರ್. ಈಗ ಅವನಿಗೂ ಹುರುಪು ಬಂದಿತ್ತು.

“ಚಿಕ್ಕ ಅಂಗೀನ ದೊಡ್ಡ ಮೈಗೆ ಎಳೆದ ಹಾಗೆ. ಎಲ್ಲೋ ಒಂದು ಕಡೆ ಹರಿಯುತ್ತೆ. ಹಿಂದಕ್ಕೆ ತಗೊಳ್ಳಿ.”

ಹಿಂದಕ್ಕೆ ತಂದರು. ಮತ್ತೆ ಹೋಯಿತು, ಮತ್ತೆ ನಿಂತಿತು. ಐದು ಸಲ ಹಾಗೇ ಆಯಿತು. ಬೆಳಕು ಬಾಗಿಲಿನಿಂದ ಹಿಂದೆ ಸರಿಯುತ್ತಿತ್ತು. ಲಾಂಡ್ರಿಯವಳ ಎದೆಯ ಸಿಳ್ಳೆ ಶೆಡ್ಡಿಗೆಲ್ಲ ಕೇಳುತ್ತಿತ್ತು. ಕ್ಲಚ್ಚಕ್ಕನಿಗೆ ಆ ಸಿಳ್ಳೆ ಕೇಳಿದಷ್ಟೂ ಕೈ ನಿಧಾನವಾಯಿತು. ಆರನೆಯ ಸಲ ಎಂಜಿನ್ನನ್ನು ಕೂದಲೆಳೆಯಷ್ಟು ತಿರುಗಿಸಿ, ಗೇರ್‌ಬಾಕ್ಸನ್ನು ಕೂಸಿನ ತಲೆ ಹಿಡಿದಂತೆ ನೇರ ಮಾಡಿ, ತಳ್ಳಿದಳು. ಟಕ್ ಎಂದಿತು. ಸಂದು ಮುಚ್ಚಿತು.

ಕತ್ತಲಾಗುವ ಮೊದಲೇ ಹನ್ನೊಂದೂ ಬೋಲ್ಟು ಕೂತವು. ಅವಳು ಒಂದೊಂದು ಬಿಗಿಯುವಾಗಲೂ ಟೈಲರ್ ಅಳತೆ ಓದಿದ. ಆಯಿಲ್ ತುಂಬಿ, ಚಕ್ರ ಹಾಕಿ, ಕಾರನ್ನು ನೆಲಕ್ಕಿಳಿಸಿದರು. ಬೀದಿಯ ತುದಿಯವರೆಗೆ ಹೋಗಿ ಬಂದು, ಕ್ಲಚ್ಚಕ್ಕ ಇಳಿಯುತ್ತಲೇ ಗಂಡನಿಗೆ, “ಇನ್ನು ನನ್ನ ಶೆಡ್ಡು ಗುಡಿಸಿದ್ರೆ ನಿಮ್ಮ ಗುಂಡಿ ಡಬ್ಬಿ ಬೀದಿಗೆ ಸುರೀತೀನಿ,” ಎಂದಳು. ಬೆಳಿಗ್ಗೆಯಿಂದ ಒಳಗೇ ಇದ್ದ ಬೈಗುಳ ಅದು. ಕೇಳಿ ಅವನಿಗೆ ಹಾಯೆನಿಸಿತು.

ಸೋಮವಾರ ಪರೀಕ್ಷೆಯ ಮೈದಾನದ ಬೇಲಿಯಾಚೆ ಗಂಡ ಹೆಂಡತಿ ಇಬ್ಬರೂ ನಿಂತಿದ್ದರು. ಪರೀಕ್ಷೆ ಮಾಡುವ ಅಧಿಕಾರಿ ಏರಿನ ನಡುವೆ ಕಾರು ನಿಲ್ಲಿಸಲು ಹೇಳಿದ. ಲಾಂಡ್ರಿಯವಳು ನಿಲ್ಲಿಸಿದಳು. ಕ್ಲಚ್ಚಕ್ಕ ಬಾಯಿ ತೆರೆದಳು. ಟೈಲರ್ ತಕ್ಷಣ ಅವಳ ಮೊಣಕೈ ಹಿಡಿದ. ಕೂಗಿದ್ದರೆ ಅಲ್ಲೇ ನಪಾಸು. ಮೊದಲ ಗೇರು ಸದ್ದಿಲ್ಲದೆ ಬಿತ್ತು. ಕಾರು ಒಂದು ಕ್ಷಣ ತಡೆದು ನಿಂತಿತು. ಹಿಂದಕ್ಕೆ ಒಂದು ಬೆರಳಷ್ಟೂ ಜಾರದೆ ಮೇಲಕ್ಕೆ ಹೋಯಿತು.

ಆ ಮಧ್ಯಾಹ್ನವೇ ಲೈಸೆನ್ಸು ಕೈಗೆ ಬಂತು, ಸಂಜೆಯೊಳಗೆ ಆಸ್ಪತ್ರೆಯ ಆಫೀಸಿಗೆ ತಲುಪಿತು. ಅದಾಗಿ ಒಂಬತ್ತು ವರ್ಷ. ಕ್ಲಚ್ಚಕ್ಕ ಆಮೇಲೂ ಎಷ್ಟೋ ಜನರಿಗೆ ಕಲಿಸಿದಳು. ಆ ಗೇರ್‌ಬಾಕ್ಸು ಅವಳಿಗಿಂತ ಹೆಚ್ಚು ಬಾಳಿತು. ಕೊನೆಯ ವಾರಗಳಲ್ಲಿ ಹಾಸಿಗೆ ಹಿಡಿದಿದ್ದಾಗಲೂ, ಪಕ್ಕದಲ್ಲಿ ಗುಂಡಿ ಹೊಲಿಯುತ್ತಾ ಕೂತ ಟೈಲರ್ “ಇದೀಯಾ?” ಎಂದು ಕೇಳುತ್ತಲೇ ಇದ್ದ. ಅವಳು ಉತ್ತರ ಕೊಡುತ್ತಲೇ ಇದ್ದಳು, ಒಂದು ಬೆಳಿಗ್ಗೆಯವರೆಗೆ.

ಲಾಂಡ್ರಿಯವಳು ಎಂಬ ಹೆಸರು ಉಳಿದಿದೆ, ಎದೆಯ ಸಿಳ್ಳೆ ಉಳಿದಿಲ್ಲ. ದಿನಾ ಏಳೂವರೆಗೆ ಬಟ್ಟೆಯ ವ್ಯಾನು ಟೈಲರ್ ಅಂಗಡಿಯ ಮುಂದೆ ನಿಲ್ಲುತ್ತದೆ. ಅವಳು ಕಿಟಕಿಯಿಂದ ತಲೆ ಹಾಕಿ, “ಭಾವಾ, ಇದೀರಾ?” ಎಂದು ಕೂಗುತ್ತಾಳೆ. ಕೆಲವು ದಿನ ಅವನ ಬಾಯಲ್ಲಿ ದಾರವಿರುತ್ತದೆ, ಉತ್ತರ ತಡವಾಗುತ್ತದೆ. ಹಿಂದಿನ ಗಾಡಿಗಳು ಹಾರ್ನ್ ಹೊಡೆದರೂ ಅವಳು ಕ್ಲಚ್ಚು ಒತ್ತಿಕೊಂಡೇ ಕಾಯುತ್ತಾಳೆ. ಒಳಗಿಂದ “ಇದೀನಮ್ಮಾ” ಎಂದು ಕೇಳಿಸಿದ ಮೇಲೆಯೇ ಗೇರು ಹಾಕುತ್ತಾಳೆ.