ನೀರಿನಿಂದ ದೂರವಿರುವ ಮನೆ

ಹಿರಿಯೂರಿನಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟು, ತುಮಕೂರಿನಲ್ಲಿ ಬಸ್ಸು ಬದಲಿಸಿ ಶ್ರೀರಂಗಪಟ್ಟಣದಲ್ಲಿ ಇಳಿಯುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ನನ್ನದು ಹೆಂಗಸರ ಸೊನ್ನೆ ರೂಪಾಯಿ ಟಿಕೆಟ್ಟು. ಅಪ್ಪನಿಗೆ ಮಾತ್ರ, ಅದೂ ಹಿರಿಯ ನಾಗರಿಕರ ರಿಯಾಯಿತಿಯಲ್ಲಿ, ದುಡ್ಡು ಕೊಟ್ಟಿದ್ದೆ. ಸಹಕಾರ ಸಂಘಗಳ ಲೆಕ್ಕ ತಪಾಸಣೆ ನನ್ನ ಕೆಲಸ. ವರ್ಗವಾದ ಹೊಸ ವ್ಯಾಪ್ತಿಯಲ್ಲಿ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ನಾಲ್ಕೂ ಸೇರಿದ್ದವು. ಎಲ್ಲಾದರೂ ಮನೆ ಮಾಡಿಕೊಳ್ಳಿ, ಸೋಮವಾರ ಹಾಜರಾಗಿ ಎಂದಿದ್ದರು. ಅಂದು ಶುಕ್ರವಾರ.

ಅಪ್ಪನಿಗೆ ಮರೆವಿನ ಕಾಯಿಲೆ. ಬಾಗಿಲು ತೆರೆದಿದ್ದರೆ ಸಾಕು, ಎದ್ದು ಹೊರಟುಬಿಡುತ್ತಾರೆ. ಯುಗಾದಿಯ ಹಿಂದಿನ ವಾರ ಊರಾಚೆಯ ಬಾವಿಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದವರನ್ನು ಕುರಿ ಕಾಯುವವರು ಹಿಡಿದುಕೊಂಡು ಬಂದರು. ಅವತ್ತಿನಿಂದ ನೀರು ಕಂಡರೆ ನನ್ನ ಎದೆ ಡವಗುಟ್ಟುತ್ತದೆ. ಹೊಲಿಗೆ ಕೆಲಸದ ನಮ್ಮ ಯಜಮಾನರಿಗೆ ಎಲ್ಲಿ ಮಿಷನ್ನು ಇಟ್ಟರೂ ಒಂದೇ. ಹಬ್ಬದ ರವಿಕೆಗಳು ರಾಶಿ ಬಿದ್ದಿದ್ದರಿಂದ ಅವರು ಊರಲ್ಲೇ ಉಳಿದರು. ಅಪ್ಪನನ್ನು ಅವರ ಬಳಿ ಬಿಟ್ಟು ಬರುವಂತಿರಲಿಲ್ಲ, ನಾನಿಲ್ಲದಿದ್ದರೆ ಅಪ್ಪ ಅನ್ನ ಮುಟ್ಟುವುದಿಲ್ಲ. ನನಗೆ ಬೇಕಿದ್ದದ್ದು ಇಷ್ಟೇ: ಚಿಲಕವಿರುವ ಗೇಟು, ನೀರಿನಿಂದ ದೂರ.

ಅದಕ್ಕೆ ಬಂದು ನಿಂತದ್ದೆಲ್ಲಿ, ಶ್ರೀರಂಗಪಟ್ಟಣದಲ್ಲಿ! ಮೊಪೆಡ್ಡಿನ ಮೇಲೆ ಬಂದ ಬ್ರೋಕರ್ ಪುಟ್ಟಸ್ವಾಮಿ ನನ್ನ ಮಾತು ಕೇಳಿ ಬಿದ್ದು ಬಿದ್ದು ನಕ್ಕ. "ಅಕ್ಕ, ಈ ಊರಲ್ಲಿ ನೀರಿಂದ ದೂರ ಅಂದ್ರೆ ಎಲ್ಲಿಗ್ ಓಗ್ತೀರಿ? ಸುತ್ತಾನೂ ಒಳೆ ಅದೆ." ಆಷಾಢದಲ್ಲಿ ಯಾರೂ ಮನೆ ಬದಲಿಸುವುದಿಲ್ಲ. ತಿಂಗಳಿಡೀ ತಡೆದುಕೊಂಡಿದ್ದವರೆಲ್ಲ ಶ್ರಾವಣ ಹುಟ್ಟಿದ್ದೇ ಒಟ್ಟಿಗೆ ಮುಗಿಬೀಳುತ್ತಾರೆ. ಸಾಲದ್ದಕ್ಕೆ ಮೈಸೂರಿನ ಬಾಡಿಗೆ ಕೊಡಲಾಗದವರೂ ಇತ್ತ ಬರುತ್ತಿದ್ದರು. ಬಾಬುರಾಯನಕೊಪ್ಪಲಿನಲ್ಲಿ ಒಂದು ಮಹಡಿ ಮನೆಯ ಮೆಟ್ಟಿಲನ್ನು ಅಪ್ಪನ ಕೈಹಿಡಿದು ಹತ್ತಿ ಮುಗಿಸುವುದರೊಳಗೆ ಬೇರೆ ಯಾರೋ ಫೋನಿನಲ್ಲೇ ಮುಂಗಡ ಕಳಿಸಿ ಮನೆ ಹಿಡಿದಿದ್ದರು. ಸುಮ್ಮನೆ ಇಳಿದು ಬಂದೆವು.

ಪಾಂಡವಪುರದಲ್ಲಿ ಗುರುತಿನವರದೊಂದು ಮನೆ ಇದೆಯೆಂದು ವಿಳಾಸ ಹೇಳಿದ ಪುಟ್ಟಸ್ವಾಮಿ ಅಪ್ಪನ ಕಡೆ ನೋಡಿ ದನಿ ತಗ್ಗಿಸಿದ. "ವಯಸ್ಸಾದೋರು ಅವ್ರೆ ಅಂತ ಮಾತ್ರ ಏಳ್ಬೇಡಿ. ಕೆಟ್ ನಕ್ಷತ್ರದಲ್ಲಿ ಏನಾರಾ ಎಚ್ಚುಕಮ್ಮಿ ಆದ್ರೆ ತಿಂಗ್ಳುಗಟ್ಲೆ ಮನೆಗ್ ಬೀಗ ಆಕ್ಬೇಕು. ಓನರ್‌ಗೊಳು ಒಪ್ಪಕಿಲ್ಲ."

ಕೆಟ್ಟ ನಕ್ಷತ್ರದಲ್ಲಿ ಸಾವಾದ ಮನೆಯನ್ನು ಮುಚ್ಚಿಡುವ ಈ ಕಟ್ಟಳೆ ನನಗೇನೂ ಹೊಸದಲ್ಲ. ಅಪ್ಪನ ವಿಷಯದಲ್ಲಿ ಅದನ್ನು ಯೋಚಿಸಿರಲಿಲ್ಲ ಅಷ್ಟೆ. ಪಾಂಡವಪುರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಅಪ್ಪ ಭತ್ತದ ನಾಟಿ ನೋಡುತ್ತ ಖುಷಿಯಾಗಿದ್ದರು. ರಸ್ತೆಗೆ ಅಂಟಿಕೊಂಡು ನಾಲೆ ತುಂಬಿ ಹರಿಯುತ್ತಿತ್ತು. "ಎಷ್ಟೊಂದು ನೀರು ನೋಡೇ!" ಎಂದರು. ನಾನು ನೋಡಲಿಲ್ಲ.

ಮನೆ ಚೆನ್ನಾಗಿತ್ತು, ಅದೇ ಬಂದ ಫಜೀತಿ. ಕಬ್ಬಿಣದ ಗೇಟು, ಮೇಲೊಂದು ಕೆಳಗೊಂದು ಚಿಲಕ, ಹಿತ್ತಲಿಗೆ ಎತ್ತರದ ಗೋಡೆ. ನಾಲೆ ನಾಲ್ಕು ಬೀದಿ ಆಚೆ. ಅಪ್ಪನನ್ನು ಗೇಟಿನ ಹೊರಗಿನ ಕಲ್ಲುಬೆಂಚಿನ ಮೇಲೆ ಕೂರಿಸಿ ಬಿಸ್ಕತ್ತಿನ ಪೊಟ್ಟಣ ಕೈಗೆ ಕೊಟ್ಟು ಒಳಗೆ ಹೋದೆ. ಮನೆಯ ಒಡತಿ ಜಯಮ್ಮ ಕೋಣೆಗಳನ್ನು ತೋರಿಸುತ್ತಿರುವಾಗಲೇ ಸ್ಕೂಟರಿನಲ್ಲಿ ಗಂಡ ಹೆಂಡತಿ ಇಬ್ಬರು ಬಂದು ಅಂಗಳದಲ್ಲಿ ನಿಂತರು. ಅವರ ಕಣ್ಣೂ ಆ ಚಿಲಕಗಳ ಮೇಲೇ ಇದ್ದ ಹಾಗೆ ನನಗೆ ಕಂಡಿತು.

"ಮನೇಲಿ ಎಷ್ಟ್ ಜನ?" ಎಂದರು ಜಯಮ್ಮ.

"ಇಬ್ಬರೇ. ನಾನು, ನಮ್ಮ ಯಜಮಾನರು."

"ಆಚೆ ಕೂತವ್ರಲ್ಲ, ಅವ್ರ್ ಯಾರು?"

"ದಾರಿ ತೋರಿಸೋಕೆ ಬಂದೋರು," ಎಂದೆ.

ಬಾಯಿಂದ ಬಂದೇಬಿಟ್ಟಿತು. ಗೇಟು ತೆರೆದೇ ಇತ್ತು. ಮುಂಗಡ ಎಣಿಸಿ ಜಯಮ್ಮನ ಕೈಗಿಟ್ಟು ತಿರುಗಿ ನೋಡುತ್ತೇನೆ, ಬೆಂಚಿನ ಮೇಲೆ ಬಿಸ್ಕತ್ತಿನ ಪೊಟ್ಟಣ ಮಾತ್ರ ಇದೆ.

ಬೀದಿಗೆ ಓಡಿ ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ. ಹಿಂದೆ ಜಯಮ್ಮ, ಅವರ ಹಿಂದೆ ಆ ಗಂಡ ಹೆಂಡತಿ. ಕೂಗಿದರೆ ಮನೆ ಹೋಯಿತು. ಕೂಗದೆ ಹುಡುಕುವುದು ಹೇಗೆ? ಎರಡು ಹೆಜ್ಜೆ ಬಾಯಿ ಮುಚ್ಚಿಕೊಂಡೇ ನಡೆದೆ, ಅದು ಸುಳ್ಳಲ್ಲ. ಮೂರನೆಯದಕ್ಕೆ ಜೀವ ತಡೆಯಲಿಲ್ಲ. "ಅಪ್ಪಾ!" ಎಂದು ಕಿರುಚಿದೆ. ಬೀದಿಯ ಬಾಗಿಲುಗಳೆಲ್ಲ ತೆರೆದುಕೊಂಡವು.

ನೇರ ನಾಲೆಗೆ ಓಡಿದೆ. ಕೆಂಪು ನೀರು ದಡದವರೆಗೂ ತುಂಬಿ ಸದ್ದಿಲ್ಲದೆ ಹೋಗುತ್ತಿತ್ತು. ಸದ್ದು ಮಾಡಿದ್ದರೆ ಅಷ್ಟು ಹೆದರುತ್ತಿರಲಿಲ್ಲವೇನೋ. ಸೋಪಾನದ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸನ್ನು ಕೇಳಿದೆ.

"ಇತ್ತಾಗ್ ಯಾರೂ ಬರ್ನಿಲ್ಲ ಕಣವ್ವ," ಎಂದಳು ಆಕೆ. "ಮೊದ್ಲು ಉಸ್ರು ತಕ. ಬಸ್ಟ್ಯಾಂಡ್ ತಾವ ನೋಡ್ದಾ?"

ನಾನು ನೀರಿನಿಂದ ಕಣ್ಣು ಕೀಳಲಾರದೆ ನಿಂತಿದ್ದೆ. ಏನಾದರೂ ಬೆಳ್ಳಗೆ ತೇಲಿ ಬಂದರೆ? ಅಷ್ಟರಲ್ಲಿ ಕಬ್ಬಿನ ಟ್ರಾಕ್ಟರಿನವನೊಬ್ಬ ಗಾಡಿ ನಿಲ್ಲಿಸಿ ಕೂಗಿದ. "ಬಿಳೀ ಪಂಚೆ ಅಜ್ಜನ್ನ ಉಡುಕ್ತಿದ್ದೀರಾ? ಬಸ್ ಅತ್ತಿ ಕುಂತದೆ, ಓಗಿ ಬಿರ್‍ರನೆ."

ಹೊರಡಲು ಗುರುಗುಡುತ್ತಿದ್ದ ಬಸ್ಸಿನಲ್ಲಿ ಅಪ್ಪ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅವರನ್ನು ಅಪ್ಪಿಕೊಂಡು ಅತ್ತೆ. ಹಾಗೇ ಬೈದೆ ಕೂಡ. "ಎಲ್ಲಿಗಪ್ಪಾ ಹೊರಟೆ?"

"ಊರಿಗೆ."

ಕೈಹಿಡಿದು ವಾಪಸು ಕರೆದುಕೊಂಡು ಬಂದಾಗ ಜಯಮ್ಮ ಮುಂಗಡದ ದುಡ್ಡನ್ನು ಹಿಡಿದು ಗೇಟಿನಲ್ಲೇ ನಿಂತಿದ್ದರು. ಸ್ಕೂಟರಿನವರು ಒಳಗೆ ಕೂತು ಕಾಫಿ ಕುಡಿಯುತ್ತಿದ್ದರು. "ನಮ್ಮತ್ತೆ ಓದಾಗ ಆರ್ ತಿಂಗ್ಳು ಮನೆ ಮುಚ್ಕೊಂಡು ಅವ್ರ್ ಮನೆ ಇವ್ರ್ ಮನೆ ಅಂತ ಅಲೆದಿದ್ದೀವಿ ಕಣವ್ವ," ಎಂದರು ಜಯಮ್ಮ. "ಅದ್ಕೇ ಕೊಡಕ್ ನಂಗೆ ಭಯ. ಆದ್ರೆ ಎತ್ತ್ ತಂದೇನ ದಾರಿ ತೋರ್ಸೋನು ಅಂತೀರಲ್ಲ!" ನಾನು ತಲೆಯೆತ್ತದೆ ದುಡ್ಡು ತೆಗೆದುಕೊಂಡೆ.

ಕೆ.ಆರ್. ಪೇಟೆ ಅಲ್ಲಿಂದ ಮೂವತ್ತು ಚಿಲ್ಲರೆ ಕಿಲೋಮೀಟರು. ಜಡಿಮಳೆಯಲ್ಲಿ ಇಳಿದು, ಹೋಟೆಲೊಂದರಲ್ಲಿ ಮುದ್ದೆ, ಹುರುಳಿಕಾಳಿನ ಬಸ್ಸಾರು ಉಂಡೆವು. ಅಪ್ಪ ಎರಡು ಮುದ್ದೆ ನುಂಗಿ ಬೆರಳು ನೆಕ್ಕಿದರು. ಅಲ್ಲಿ ನೋಡಿದ ಎರಡು ಮನೆಗಳ ಬಾಗಿಲಲ್ಲೇ ನಿಜ ಹೇಳಿದೆ. ಒಬ್ಬರು "ತಮ್ಮನ್ ಕೇಳಿ ಏಳ್ತೀನಿ" ಎಂದರು. ಇನ್ನೊಬ್ಬರು ಅದನ್ನೂ ಹೇಳಲಿಲ್ಲ. ಲಾಡ್ಜಿನ ಕೋಣೆಯ ಚಿಲಕ ಸಡಿಲವಾಗಿತ್ತು. ಸೆರಗಿನ ತುದಿಯನ್ನು ಅಪ್ಪನ ಮಣಿಕಟ್ಟಿಗೆ ಕಟ್ಟಿಕೊಂಡು ಮಲಗಿದೆ. ಬೆಳಗ್ಗೆ ಅದನ್ನು ಬಿಚ್ಚುತ್ತಿದ್ದಾಗ ಅಪ್ಪ, "ಪಾಂಡವಪುರ ಯಾವಾಗ ಬರುತ್ತೆ?" ಎಂದು ಕೇಳಿದರು. ಸದ್ಯ, ಎಲ್ಲ ಮರೆತಿದ್ದಾರೆ! ಒಂದು ಕ್ಷಣ ಆ ಕಾಯಿಲೆಗೇ ಕೈಮುಗಿಯೋಣ ಅನ್ನಿಸಿತು.

ನಾಗಮಂಗಲದ ದಾರಿಯಲ್ಲಿ ಭತ್ತ ಕಡಿಮೆಯಾಗಿ ರಾಗಿ ಹೊಲ, ತೆಂಗು, ಬಂಡೆಗಳು ಬಂದವು. ನನ್ನ ಉಸಿರು ಸ್ವಲ್ಪ ಸಡಿಲವಾಯಿತು. ಆದರೆ ಇದು ಕೊನೆಯ ಊರು, ಇಲ್ಲೂ ಇಲ್ಲವೆಂದರೆ ಏನು ಗತಿ? ಬಸ್ ನಿಲ್ದಾಣದ ಟೀ ಅಂಗಡಿಯವರು ತೋರಿಸಿದ ಮನೆ ಬೋರೇಗೌಡರೆಂಬ ಹಿರಿಯರದು. ಮುಂದಿನ ಭಾಗದಲ್ಲಿ ಅವರು, ಹಿಂದಿನದು ಬಾಡಿಗೆಗೆ. ಗೇಟಿಗೆ ಒಂದೇ ಚಿಲಕ, ಆದರೆ ಗೌಡರು ದಿನವಿಡೀ ಅದರ ಪಕ್ಕದ ಕುರ್ಚಿಯಲ್ಲೇ ಕೂತಿರುತ್ತಾರೆ. ಕೆರೆ ಊರಿನ ಇನ್ನೊಂದು ತುದಿಗೆ.

ಅವರು ಬಾಯಿ ತೆರೆಯುವ ಮೊದಲೇ ನಾನು ಹೇಳಿಬಿಟ್ಟೆ. "ಇವರು ನಮ್ಮಪ್ಪ. ನಮ್ಮ ಜೊತೆಗೇ ಇರೋದು. ಮರೆವಿದೆ, ಎದ್ದು ಹೊರಟುಬಿಡ್ತಾರೆ."

ಗೌಡರು ಅಪ್ಪನನ್ನು ಮೇಲಿಂದ ಕೆಳಗೆ ನೋಡಿ, ಕುರ್ಚಿ ಹಾಕಿಸಿ, ಮಜ್ಜಿಗೆ ತರಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಮಾತು ಒರಟಾಯ್ತದೆ, ಬೇಜಾರ್ ಮಾಡ್ಕಬೇಡ ಮಗ. ಒತ್ತು ನೇರ್ಪಾಗಿದ್ರೆ ಸೈ. ಅಕಸ್ಮಾತ್ ನಕ್ಷತ್ರ ಸರೀಗಿಲ್ದೆ ಓದ್ರೆ, ಎಷ್ಟ್ ತಿಂಗ್ಳು ಬೀಗ ಆಕ್ಬೇಕೋ ಅಷ್ಟ್ ತಿಂಗ್ಳು ಬಾಡ್ಗೆ ನೀನೇ ಕೊಡ್ಬೇಕು. ಒಪ್ಕಂಡ್ರೆ ನಾಳೀಕೇ ಆಲುಕ್ಕಿಸು."

ಅಪ್ಪ ಎದುರಿಗೇ ಕೂತು ಮಜ್ಜಿಗೆ ಕುಡಿಯುತ್ತಿದ್ದರು. ಅವರ ಸಾವಿಗೆ ನಾನು ತಿಂಗಳ ಲೆಕ್ಕದಲ್ಲಿ ಒಪ್ಪಬೇಕಿತ್ತು. ಬೀದಿಯ ಕೊನೆಯಲ್ಲಿ ಯಾರೋ ಮನೆ ನೋಡಲು ಬರುತ್ತಿರುವ ಹಾಗೆ ಕಂಡಿತು. ನಿಜವಾಗಿ ಬರುತ್ತಿದ್ದರೋ, ನನ್ನ ಹೆದರಿಕೆಯೋ ಗೊತ್ತಿಲ್ಲ. "ಆಗಲಿ," ಎಂದೆ.

ಅಪ್ಪ ಲೋಟ ಕೆಳಗಿಟ್ಟು ಮೀಸೆ ಒರೆಸಿಕೊಂಡರು. "ಪಂಚಾಂಗ ನೋಡ್ಕೊಂಡೇ ಹೋಗ್ತೀನಿ ಬಿಡಿ ಗೌಡ್ರೇ. ನಿಮಗೆ ತೊಂದರೆ ಕೊಡಲ್ಲ."

ಗೌಡರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಆಸಾಮಿ ಜೋರಾಗವ್ರೆ ಕಣವ್ವ! ಮರೆವು ಅಂತೀಯಲ್ಲ!" ನಾನೂ ನಕ್ಕೆ, ನಗಬೇಕಲ್ಲ. ಇಷ್ಟೆಲ್ಲ ಅರ್ಥವಾಗುತ್ತದೆಯೇ ಇವರಿಗೆ?

ಮುಂಗಡ ಕೊಟ್ಟು ತುಮಕೂರಿನ ಬಸ್ಸು ಹತ್ತಿದೆವು. ಯಜಮಾನರಿಗೆ ಫೋನು ಮಾಡಿ, ಮನೆ ಸಿಕ್ಕಿತು, ನಾಳೆಯೇ ಹಾಲುಕ್ಕಿಸಬೇಕು, ಮಿಷನ್ನು ಕಟ್ಟಿಡಿ ಎಂದೆ. ಊರು ದಾಟುವಾಗ ಅಪ್ಪ ಕಿಟಕಿಯಿಂದ ಕತ್ತು ಹೊರಳಿಸಿ ಹಿಂದೆ ನೋಡಿದರು.

"ಒಳ್ಳೆ ಮನೆ," ಎಂದರು.

"ಹೌದಪ್ಪ."

"ಇಲ್ಲಿ ಅಪ್ಪ ಅಂದೆ. ಅಲ್ಲಿ ಅನ್ನಲಿಲ್ಲ."

ಬೇಸರವಿರಲಿಲ್ಲ ಆ ದನಿಯಲ್ಲಿ. ಇಲ್ಲಿ ತೆಂಗಿದೆ, ಅಲ್ಲಿ ಭತ್ತವಿತ್ತು ಅನ್ನುವ ಹಾಗೆ ಹೇಳಿ, ಮತ್ತೆ ಹೊರಗೆ ನೋಡತೊಡಗಿದರು. ಕಂಡಕ್ಟರು ಬಂದು ಎಷ್ಟು ಟಿಕೆಟ್ಟು ಎಂದು ಎರಡು ಸಲ ಕೇಳಿದ. ಎರಡು ಬೆರಳು ಎತ್ತಿ ತೋರಿಸಿದೆ.